ಡಾಕ್ಟರಮ್ಮನ ಜೀಪು

ಮೊನ್ನೆ ಗುಬ್ಬಿಯ ಬಸ್ ನಿಲ್ದಾಣದ ಎದುರು ಹಳೆಯ ಜೀಪೊಂದು ಬಾನೆಟ್ ತೆರೆದುಕೊಂಡು ನಿಂತಿತ್ತು. ಕಾದ ಇಂಜಿನ್ನಿನ ಮೇಲೆ ಪೆಟ್ರೋಲ್ ಚೆಲ್ಲಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡಾಕ್ಟರಮ್ಮ ನೆನಪಾದರು...

ಎಪ್ಪತ್ತರ ದಶಕದ ಕೊನೆ. ಹುಲಿಯೂರುದುರ್ಗದ ಕಡೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ನರ್ಸು. ಡಾಕ್ಟರಮ್ಮ ಅಲ್ಲಿಗೆ ಬರುವ ಹೊತ್ತಿಗೆ ಡ್ರೈವರ್ ನಿವೃತ್ತನಾಗಿದ್ದ, ಅವನ ಜಾಗಕ್ಕೆ ಯಾರೂ ಬಂದಿರಲಿಲ್ಲ. ಶೆಡ್ಡಿನಲ್ಲಿದ್ದ ಜೀಪಿನೊಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಅವರು ಯಾರನ್ನೂ ಕಾಯಲಿಲ್ಲ. ಪ್ರತಿ ಭಾನುವಾರ ಕುಣಿಗಲ್ಲಿನ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಲಸ ಕಲಿತರು. ಊರವರು ನಕ್ಕರು. ಆಮೇಲೆ ನನ್ನ ಸರದಿ. ರೋಗಿಗಳು ಬರುವ ಮುಂಚೆ ನೀರು, ಆಯಿಲ್, ಟೈರಿನ ಗಾಳಿ ನೋಡಬೇಕು. ಪ್ಲಗ್ ಬಿಚ್ಚಿ ಉಜ್ಜಬೇಕು. ಆಸ್ಪತ್ರೆ ಹಿಂದಿನ ಬಯಲಿನಲ್ಲಿ ಗಾಡಿ ಓಡಿಸಿ ಕಲಿಯಬೇಕು. ಇದೆಲ್ಲ ನರ್ಸಿನ ಕೆಲಸವೇ ಎಂದು ನಾನು ಗೊಣಗಿದರೆ, ಕೇಳಿಸದವರಂತೆ ಸ್ಪ್ಯಾನರ್ ಕೈಗಿಡುತ್ತಿದ್ದರು.

ಒಂದು ಬೇಸಿಗೆಯ ಮಧ್ಯಾಹ್ನ ಬೆಟ್ಟದಾಚೆಯ ಹಳ್ಳಿಯಿಂದ ಕರೆ ಬಂತು. ಹೋಗಿ ನೋಡಿದರೆ ಹೆರಿಗೆಯಾಗಿತ್ತು, ಮಗು ಚೆನ್ನಾಗಿತ್ತು. ತಾಯಿಗೆ ಮಾತ್ರ ರಕ್ತ ನಿಲ್ಲುತ್ತಿರಲಿಲ್ಲ. ಅವಳನ್ನು ಜೀಪಿನ ಹಿಂಭಾಗದಲ್ಲಿ ಮಲಗಿಸಿ, ಮಗುವನ್ನು ಅವಳ ಅತ್ತೆಯ ಮಡಿಲಿಗೆ ಕೊಟ್ಟು, ಕುಣಿಗಲ್ಲಿನ ದೊಡ್ಡಾಸ್ಪತ್ರೆಗೆ ಹೊರಟೆವು. ಡಾಕ್ಟರಮ್ಮನೇ ಓಡಿಸುತ್ತಿದ್ದರು. ಕಲ್ಲುದಾರಿಯ ಏರಿನಲ್ಲಿ ಜೀಪು ಜಗ್ಗಿ ಜಗ್ಗಿ ನಿಂತುಬಿಟ್ಟಿತು. ಅದೇ ಹೊತ್ತಿಗೆ ರಕ್ತ ಮತ್ತೆ ಜೋರಾಯಿತು. ಅವರು ಹಿಂದಕ್ಕೆ ಹೋಗಿ ಎರಡೂ ಕೈಗಳಿಂದ ಗರ್ಭಕೋಶವನ್ನು ಒತ್ತಿ ಹಿಡಿದರು.

“ಗಾಡಿ ನೀನು ನೋಡು. ನಾನು ಕೈ ತೆಗೆದ್ರೆ ಇವಳು ಉಳಿಯಲ್ಲ.”

ಎತ್ತಿನ ಗಾಡಿ ತರಿಸೋಣ ಎಂದು ಅತ್ತೆ ಅಳುತ್ತಲೇ ಹೇಳಿದಳು. ಅದಕ್ಕೆಲ್ಲ ಹೊತ್ತಿರಲಿಲ್ಲ. ಬಾನೆಟ್ ಎತ್ತಿದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು, ಕಾರ್ಬೊರೇಟರಿಗೆ ಹೋಗುವ ಪೈಪು ಬಿಚ್ಚಿದರೆ ಒಣಗಿತ್ತು. ಪೆಟ್ರೋಲ್ ಎಳೆದುಕೊಡುವ ಪಂಪು ಕಾದ ಹೆಂಚಿನಂತೆ ಸುಡುತ್ತಿತ್ತು. ಕಂಡದ್ದನ್ನು ಕೂಗಿ ಹೇಳಿದೆ. ಬಿಸಿಗೆ ಪೆಟ್ರೋಲು ಆವಿಯಾಗಿ ಕಟ್ಟಿಕೊಂಡಿದೆ, ಒದ್ದೆ ಬಟ್ಟೆ ಸುತ್ತು ಎಂದರು ಒಳಗಿನಿಂದ. ಅತ್ತೆ ತನ್ನ ಸೆರಗನ್ನೇ ಹರಿದು ಕೊಟ್ಟಳು. ಕುಡಿಯಲು ತಂದಿದ್ದ ನೀರನ್ನು ಅದಕ್ಕೆ ಸುರಿದು ಪಂಪಿಗೆ ಸುತ್ತಿದೆ. ತಣ್ಣಗಾಗುವವರೆಗೆ ಕಾದು, ಪಂಪಿನ ಹಿಡಿಕೆಯನ್ನು ಒತ್ತುತ್ತ ಹೋದೆ... ಕೊನೆಗೆ ಪೈಪಿನ ತುದಿಯಲ್ಲಿ ಪೆಟ್ರೋಲು ಚಿಮ್ಮಿತು. ಪೈಪನ್ನು ಮತ್ತೆ ಸಿಕ್ಕಿಸಿದೆ.

“ಓಡ್ಸು,” ಅಂದರು.

“ಬಯಲು ಬಿಟ್ಟು ರೋಡಲ್ಲಿ ಓಡ್ಸಿಲ್ಲ ಮೇಡಂ.”

“ಇವತ್ತು ಓಡಿಸ್ತೀಯ ಕಣೇ.”

ಓಡಿಸಿದೆ. ಹಳ್ಳದ ಮರಳಿನಲ್ಲಿ ಚಕ್ರ ಹೂತಾಗ, ಅವರು ಕಲಿಸಿದ್ದಂತೆ ನಾಲ್ಕೂ ಚಕ್ರ ಎಳೆಯುವ ಗೇರು ಹಾಕಿ ಮೇಲೆ ಬಂದೆ. ಕುಣಿಗಲ್ ಮುಟ್ಟಿ ಬೇರೆಯವರು ಬಂದು ಒತ್ತಿ ಹಿಡಿಯುವವರೆಗೆ ಅವರ ಕೈ ಅಲುಗಲಿಲ್ಲ. ಆಮೇಲೆ ಬೆರಳು ಮಡಿಸಲೂ ಆಗುತ್ತಿರಲಿಲ್ಲ. ಬಾಣಂತಿ ಉಳಿದಳು.

ಮುಂದೆ ಅವರಿಗೆ ವರ್ಗವಾಯಿತು, ನನಗೂ ಆಯಿತು... ನೋಡುತ್ತ ನೋಡುತ್ತ ವರ್ಷಗಳು ಕಳೆದವು. ಅವರು ತುಮಕೂರಿನಲ್ಲಿ ನೆಲೆಸಿದ್ದಾರೆಂದು ಮಾತ್ರ ಯಾರಿಂದಲೋ ಕೇಳಿದ್ದೆ.

ಗುಬ್ಬಿಯಲ್ಲಿ ಜೀಪು ಕಂಡ ದಿನವೇ ತುಮಕೂರಿನ ಬಸ್ ಹತ್ತಿ, ವಿಚಾರಿಸುತ್ತ ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವಳು ಅವರ ತಂಗಿಯ ಮಗಳು. ಡಾಕ್ಟರಮ್ಮ ಹೋದ ವರ್ಷ ತೀರಿಕೊಂಡರಂತೆ. ನಾನು ಯಾರೆಂದು ಹೇಳಿದಾಗ ಅವಳ ಮುಖ ಅರಳಿತು.

“ಜೀಪ್ ಓಡ್ಸಿದ್ದ ಸಿಸ್ಟರ್ ನೀವೇನಾ? ಆ ಬಾಣಂತೀನ ಉಳಿಸಿದ್ದು ನೀವೇ ಅಂತ ದೊಡ್ಡಮ್ಮ ಯಾವಾಗ್ಲೂ ಹೇಳೋರು.”

ತಾವೇನು ಮಾಡಿದೆವೆಂದು ಅವರು ಹೇಳಿರಲೇ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕುಳಿತು, ಅವಳಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ.