ಕೊಳಲಿನ ದನಿಗೆ ದಾರಿ ಹೇಳಿದವರು

ನನಗೆ ಮೂಗಿನ ತುದಿಯಲ್ಲೇ ಕೋಪ. ಮಣಿಪಾಲದ ಕಾಲೇಜೊಂದರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಾಗ, ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡರೆ ಟೈಪ್‌ರೈಟರಿಗೂ ಬೈಯುತ್ತಿದ್ದೆ. ಅಂಥವಳು ಎಂಬತ್ತರ ದಶಕದ ಕೊನೆಗೆ ಒಂದು ಸಿಂಥಸೈಜರ್ ಕೀಬೋರ್ಡಿನ ಎದುರು ತಿಂಗಳುಗಟ್ಟಲೆ ತಾಳ್ಮೆಯಿಂದ ಕುಳಿತಿದ್ದೆ ಎಂದರೆ ಮನೆಯವರು ಈಗಲೂ ನಗುತ್ತಾರೆ. ಅಣ್ಣ ಗಲ್ಫಿನಿಂದ ತಂದುಕೊಟ್ಟದ್ದು ಅದು. ಭಾನುವಾರಗಳಲ್ಲಿ ನಾನು ಉಡುಪಿಯ ಒಂದು ಆರ್ಕೆಸ್ಟ್ರಾದಲ್ಲಿ, ಹೆಚ್ಚಾಗಿ ಮದುವೆ ಹಾಲ್‌ಗಳಲ್ಲಿ, ಅದನ್ನು ನುಡಿಸುತ್ತಿದ್ದೆ.

ಎಂಥ ಯಂತ್ರ ಅದು! ಬೆರಳು ಒತ್ತಿದ ಕೂಡಲೇ ದನಿ ನೇರ ಸ್ಪೀಕರಿಗೆ ಓಡುತ್ತಿರಲಿಲ್ಲ. ಒಳಗೆ ಎರಡು ಎಫೆಕ್ಟ್‌ಗಳಿದ್ದವು. ದನಿಯನ್ನು ಮತ್ತೆ ಮತ್ತೆ ಮರಳಿಸುವ ಎಕೋ ಒಂದು; ದೊಡ್ಡ ಸಭಾಂಗಣದಲ್ಲಿ ಕೇಳಿದ ಹಾಗೆ ಮಾಡುವ ರಿವರ್ಬ್ ಇನ್ನೊಂದು. ಅವನ್ನು ಒಂದರ ಹಿಂದೆ ಒಂದು ನಿಲ್ಲಿಸಬಹುದು, ಬೇಡವೆಂದರೆ ಬೇರೆ ಬೇರೆಯಾಗಿ ಬಿಡಬಹುದು. ಯಾವ ವಾದ್ಯ ಯಾವ ದಾರಿ ಹಿಡಿಯಬೇಕು, ಯಾವುದು ಎರಡನ್ನೂ ಮುಟ್ಟದೆ ಹೊರಗೆ ಹೋಗಬೇಕು ಎಂದು ಎರಡು ಸಾಲಿನ ಪುಟ್ಟ ಪರದೆಯಲ್ಲಿ ನಾವೇ ಹೇಳಿಕೊಡಬೇಕು. ತಂತಿ ಚುಚ್ಚುವುದಿಲ್ಲ, ತಿರುಪು ಬಿಗಿಯುವುದಿಲ್ಲ, ಬರೀ ಅಂಕಿ ಬದಲಿಸಿದರೆ ಸಾಕು. ಮನೆಯಲ್ಲಿ ನಾನು ಮಾಡಿದ ಕೊಳಲಿನ ದನಿ ಕೇಳಿ ನನಗೇ ಕಣ್ಣು ತುಂಬಿತ್ತು.

ನಮ್ಮ ಆರ್ಕೆಸ್ಟ್ರಾದ ಯಜಮಾನರಿಗೂ ಅದು ಹಿಡಿಸಿತು. "ಈ ಭಾನುವಾರ ಕಾರ್ಕಳದಲ್ಲಿ ಮಷಿನ್ನಿನದ್ದೇ ಕೊಳಲು. ಹಾಲಿನಲ್ಲಿ ಚಂದ ಕೇಳಿದರೆ ಇನ್ನು ಮೇಲೆ ಅದೇ ಸಾಕು. ಇಲ್ಲದಿದ್ದರೆ ಮಾಸ್ಟ್ರನ್ನೇ ಕರೆಯುವ" ಎಂದರು. ಮಾಸ್ಟ್ರು ಎಂದರೆ ನಮ್ಮ ಕೊಳಲಿನವರು, ಕಾಪುವಿನವರು. ಮನೆಮನೆಗಳಲ್ಲಿ ಕಟ್ಟಿದ ಬೀಡಿಯನ್ನು ಎಣಿಸಿ ತೆಗೆದುಕೊಳ್ಳುವ ಬೀಡಿ ಬ್ರಾಂಚಿನಲ್ಲಿ ಕೆಲಸ. "ವಾರವಿಡೀ ಬೀಡಿ ಕಟ್ಟುಗಳ ಮುಖ ನೋಡುತ್ತೇನೆ ಮಗಾ, ಭಾನುವಾರ ಒಂದು ದಿನ ನಾನು ಮನುಷ್ಯ" ಎಂದು ಅವರೇ ನನಗೆ ಹೇಳಿದ್ದರು. ಆ ಭಾನುವಾರವೇ ಅವರ ಕೈತಪ್ಪಿ ಹೋಗುವುದರಲ್ಲಿತ್ತು. ನನಗೆ ಅದು ಗೊತ್ತಿದ್ದೂ ನನ್ನ ಯಂತ್ರದ ಜಂಬವೇ ಹೆಚ್ಚಾಗಿತ್ತು.

ಕಾರ್ಕಳದ ಹಾಲಿಗೆ ಬೆಳಿಗ್ಗೆಯೇ ಹೋಗಿ ಸಾಮಾನು ಜೋಡಿಸಿದೆವು. ನೋಡಿದರೆ ಮಾಸ್ಟ್ರು ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದಾರೆ, ಕೈಯಲ್ಲಿ ಕೊಳಲಿಲ್ಲ. "ಕೇಳಿ ಹೋಗುವ ಅಂತ ಬಸ್ಸು ಹತ್ತಿದೆ" ಎಂದರು. ನನಗೆ ಮುಖ ಎತ್ತಲಾಗಲಿಲ್ಲ. ಡ್ರಮ್, ಬೇಸ್, ಕೊಳಲು ಮೂರನ್ನೂ ಸೇರಿಸಿ ನುಡಿಸಿದೆ. ಕೊಳಲು ಪ್ಲಾಸ್ಟಿಕ್ ಪೀಪಿಯ ಹಾಗೆ ಕೀಚಲು ಕೀಚಲಾಗಿ ಕೇಳಿತು. ನಾನು ಗುಂಡಿಗಳನ್ನು ಕುಟ್ಟಿದೆ, ಬೈದೆ. ಯಜಮಾನರು ಗಡಿಯಾರ ನೋಡಿ, "ಆಗುವುದಿಲ್ಲವಾದರೆ ಬಿಡು ಮಾರಾಯ್ತಿ, ಮುಂದಿನ ವಾರದಿಂದ ಮಾಸ್ಟ್ರೇ ಬರಲಿ" ಎಂದು ಊಟದ ಹಾಲಿನ ಕಡೆ ಹೋದರು.

ಮಾಸ್ಟ್ರು ಎದ್ದು ವೇದಿಕೆಯ ಬಳಿ ಬಂದರು. "ಇನ್ನೊಮ್ಮೆ ನುಡಿಸು" ಎಂದು ಕಣ್ಣು ಮುಚ್ಚಿ ಕೇಳಿದರು. "ಡ್ರಮ್ಮು ಗುಹೆಯಲ್ಲಿ ಉಂಟು, ಕೊಳಲು ಬಿಸಿಲಲ್ಲಿ ನಿಂತಿದೆ. ಎಂತ ಮಾಡಿದ್ದಿ?" ಎಂದರು.

ಆಗ ತಲೆಗೆ ಹೊಳೆಯಿತು. ಒಂಟಿಯಾಗಿ ನುಡಿಸುವಾಗ ಕೊಳಲಿಗೆ ಅದರದೇ ಎಫೆಕ್ಟ್ ಜೋಡಣೆ ಇರುತ್ತದೆ. ಬೇರೆ ವಾದ್ಯಗಳ ಜೊತೆ ಸೇರಿಸಿದ ಕೂಡಲೇ ಆ ಜೋಡಣೆ ಹೋಗಿ, ಎಲ್ಲರಿಗೂ ಸೇರಿ ಆ ಎರಡೇ ಎಫೆಕ್ಟ್ ಉಳಿಯುತ್ತವೆ. ಅಲ್ಲಿ ಯಾರು ಯಾವ ದಾರಿ ಎಂದು ಹೊಸದಾಗಿ ಹೇಳಬೇಕು. ನಾನು ಹೇಳಿರಲಿಲ್ಲ. ಡ್ರಮ್ಮನ್ನು ನೇರ ಹೊರಗೆ ಕಳಿಸಿ, ಕೊಳಲನ್ನು ಎಫೆಕ್ಟಿನ ದಾರಿಗೆ ತಿರುಗಿಸಿದೆ. ದನಿ ತುಂಬಿಕೊಂಡಿತು, ಆದರೆ ಎಲ್ಲ ಕಲಸಿದ ಹಾಗೆ.

"ಇದು ಮೊದಲು ಮಂಜು ಹಾಕಿ ಆಮೇಲೆ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ," ಎಂದರು ಮಾಸ್ಟ್ರು. "ಮಂಜೇ ಮರಳಿ ಬರುತ್ತದೆ. ಮೊದಲು ಹೇಳಲಿ, ಆಮೇಲೆ ಮಂಜು."

ನಾನು ದಂಗಾದೆ. ರಿವರ್ಬ್ ಮುಂದೆ, ಎಕೋ ಹಿಂದೆ ಇತ್ತು. ಯಂತ್ರದ ಜೊತೆ ಬಂದ ಪುಸ್ತಕವನ್ನು ಮುಟ್ಟದ, ಆ ಪರದೆಯತ್ತ ಕಣ್ಣು ಹಾಯಿಸದ ಮನುಷ್ಯ ಬರೀ ಕಿವಿಯಿಂದ ಒಳಗಿನ ಸಾಲನ್ನು ಓದಿದ್ದರು. ನಾನು ಎಕೋವನ್ನು ಮುಂದಕ್ಕೆ ತಂದೆ. "ಎಕೋ ಸ್ವಲ್ಪ ಕಡಿಮೆ ಮಾಡು, ಕೊಳಲಿಗೆ ಉಸಿರು ಬೇಕು" ಎಂದರು. ಕಡಿಮೆ ಮಾಡಿದೆ. ಹಾಲಿನಲ್ಲಿ ಕುರ್ಚಿ ಹಾಕುತ್ತಿದ್ದವರು ಕೈ ನಿಲ್ಲಿಸಿ ನಮ್ಮ ಕಡೆ ನೋಡಿದರು.

ಯಜಮಾನರು ಓಡಿ ಬಂದರು. "ಚಂದ ಉಂಟಲ್ಲ! ಇನ್ನೆಂತ ಬೇಕು?"

"ಹೌದು, ಈಗ ಸರಿ ಉಂಟು," ಎಂದರು ಮಾಸ್ಟ್ರು.

ಅವರು ಬಸ್ಸಿಗೆ ಹೊರಟಾಗ ನಾನು ಮೆಟ್ಟಿಲವರೆಗೆ ಹೋದೆ. "ಮಾಸ್ಟ್ರೇ, ನೀವು ಸುಮ್ಮನೆ ಕುಳಿತಿದ್ದರೆ ಮುಂದಿನ ವಾರ ನಿಮ್ಮನ್ನೇ ಕರೆಯುತ್ತಿದ್ದರಲ್ವಾ?"

"ಗೊತ್ತುಂಟು," ಎಂದರು. "ಆದರೆ ಕೊಳಲು ಅಷ್ಟು ಕೆಟ್ಟದಾಗಿ ಕೇಳುವಾಗ ಸುಮ್ಮನೆ ಕೂರುವುದು ಹೇಗೆ ಮಗಾ?"

ಮುಂದಿನ ಭಾನುವಾರ ಅವರಿಗೆ ಕರೆ ಹೋಗಲಿಲ್ಲ. ಕರೆಯಿರಿ ಎಂದು ನಾನು ಹೇಳಲೂ ಇಲ್ಲ.