ಗೋಲಿಯ ವ್ಯಾಸ

ಸಫಿಯಾ, ನಿನ್ನ ಲೆಕ್ಕ ಸರಿಯಾಗಿತ್ತು. ತಪ್ಪು ನನ್ನದು. ಅದು ಅಂದೇ ನನಗೆ ಗೊತ್ತಿತ್ತು — ಗೊತ್ತಿದ್ದೂ ನಿನ್ನ ತಲೆಗೆ ಕಟ್ಟಿದೆ.

ಆಗ ನಾನು ಗಲ್ಫಿನ ಅಲ್ ಐನ್‌ನಲ್ಲಿ ಪ್ರಾಧ್ಯಾಪಕ, ನೀನು ಉಪ್ಪಿನಂಗಡಿಯಿಂದ ಬಂದ ಸಂಶೋಧನಾ ಸಹಾಯಕಿ. ಆರ್ಗಾನಿನಂಥ ಸರಳ ದ್ರವದಲ್ಲಿ ಒಂದು ಕಣ ಉಳಿದವುಗಳ ನಡುವೆ ಎಷ್ಟು ಬೇಗ ದಾರಿ ಮಾಡಿಕೊಂಡು ಹರಡುತ್ತದೆ ಎಂದು ಲೆಕ್ಕ ಹಾಕುವುದು ನಮ್ಮ ಕೆಲಸ. ನಿಜವಾದ ಕಣಗಳ ಅಂಚು ಮೆದು. ಬಿಸಿಯಾದಷ್ಟೂ ಒಂದಕ್ಕೊಂದು ಒತ್ತಿಕೊಂಡು ಇನ್ನಷ್ಟು ಹತ್ತಿರ ಬರುತ್ತವೆ. ಅವುಗಳ ಬದಲು ಗಟ್ಟಿ ಗೋಲಿಗಳಿವೆ ಎಂದುಕೊಂಡರೆ ಲೆಕ್ಕ ಸುಲಭ. ಆದರೆ ಆ ಗೋಲಿಯ ವ್ಯಾಸ ಎಷ್ಟು? ನಮ್ಮ ವಿದ್ಯೆಯೆಲ್ಲ ನಿಂತಿದ್ದದ್ದು ಆ ಒಂದು ಪ್ರಶ್ನೆಯ ಮೇಲೆ.

ದ್ರವ ವಿರಳವಾಗಿದ್ದರೆ ವ್ಯಾಸ ಕೂದಲೆಳೆಯಷ್ಟು ಆಚೀಚೆಯಾದರೂ ನಡೆಯುತ್ತದೆ, ದಟ್ಟವಾದರೆ ನಡೆಯುವುದಿಲ್ಲ. ಅದನ್ನು ನೀನು ಮೊದಲ ವಾರವೇ ನನಗಿಂತ ಚೆನ್ನಾಗಿ ಹೇಳಿದ್ದೆ. "ಸರ್, ಜೆಬೆಲ್ ಅಲಿಯ ಕಂಪನಿ ಬಸ್ಸಿನ ಹಾಗೆ. ಖಾಲಿ ಇದ್ರೆ ಯಾರು ದಪ್ಪ ಇದ್ರೂ ನಡೀತದೆ. ರಶ್ಶಲ್ಲಿ ಎಲ್ರೂ ಒಂದೊಂದು ಸ್ವೆಟರ್ ಹಾಕಿದ್ರೆ ಖಲಾಸ್, ಒಬ್ಬನಿಗೂ ಅಲುಗ್ಲಿಕ್ಕೆ ಆಗುದಿಲ್ಲ." ನಾನು ನಕ್ಕಿದ್ದೆ. ಒಳಗೊಳಗೇ ಹೆದರಿಯೂ ಇದ್ದೆ.

ಏಕೆಂದರೆ ನೀನು ಬರುವ ಮೊದಲೇ ನಾನೊಂದು ಪ್ರಬಂಧ ಪ್ರಕಟಿಸಿದ್ದೆ. ಕಣಗಳ ನಡುವಿನ ಬಲದಿಂದ ಮಾತ್ರ ವ್ಯಾಸವನ್ನು ಕಂಡುಕೊಂಡೆ ಎಂದು ಅದರಲ್ಲಿ ಬರೆದಿದ್ದೆ. ಸುಳ್ಳು. ದಟ್ಟ ದ್ರವದಲ್ಲಿ ನನ್ನ ಲೆಕ್ಕ ಪ್ರಯೋಗದ ಅಂಕಿಗಳಿಗೆ ಹೊಂದಲಿಲ್ಲ — ಆಗ ಆ ಉತ್ತರ ನೋಡಿಕೊಂಡು ವ್ಯಾಸವನ್ನು ಚೂರು ಕಿರಿದು ಮಾಡಿದೆ. ಪುಸ್ತಕದ ಹಿಂದಿನ ಉತ್ತರ ನೋಡಿ ಲೆಕ್ಕ ಮಾಡುವ ಹುಡುಗರಿಗೆ ಬುದ್ಧಿ ಹೇಳುತ್ತಿದ್ದ ಮಹಾನುಭಾವ ನಾನು! ಹೊಂದಿಸಿದ್ದೇನೆ ಎಂದು ಒಂದು ಸಾಲು ಸೇರಿಸಿದ್ದರೆ ಅದೂ ಮರ್ಯಾದೆಯ ಕೆಲಸವೇ. ಆದರೆ ನನ್ನನ್ನು ಎಲ್ಲರೂ ಹೊಗಳಿದ್ದು, ಹೊಂದಿಸದೆಯೇ ಹೊಂದಿತಲ್ಲ ಎಂದು.

ನೀನು ಅದೇ ವ್ಯಾಸವನ್ನು ಮೊದಲಿನಿಂದ ಲೆಕ್ಕ ಹಾಕಿದೆ. ನನ್ನದಕ್ಕಿಂತ ದೊಡ್ಡದು ಬಂತು. ನೋಟ್‌ಬುಕ್ ಹಿಡಿದು ನನ್ನ ಬಾಗಿಲಲ್ಲಿ ನಿಂತೆ. ನಿಜ ಹೇಳಲು ನನಗೆ ಅರ್ಧ ನಿಮಿಷ ಸಾಕಿತ್ತು —

"ನಿನ್ನದ್ರಲ್ಲಿ ಎಲ್ಲೋ ತಪ್ಪುಂಟು ಮಗಾ, ಹುಡುಕು," ಎಂದೆ.

ನೀನು ನಾಲ್ಕು ತಿಂಗಳು ಹುಡುಕಿದೆ. "ಸಿಗುದೇ ಇಲ್ಲ ಸರ್. ನಂಗೆ ತಲೆಯೇ ಇಲ್ಲವಾ ಏನಾ," ಎಂದು ಅತ್ತ ದಿನ ನಾನು ನಿನಗೆ ಚಹಾ ತರಿಸಿಕೊಟ್ಟೆ. ಚಹಾ! ನಿನ್ನ ಕೆಲಸ ಮುಂದುವರಿಸಬೇಕೇ ಎಂದು ವಿಶ್ವವಿದ್ಯಾಲಯದವರು ನನ್ನನ್ನು ಕೇಳಿದಾಗ, ಶ್ರಮಜೀವಿ, ಆದರೆ ಲೆಕ್ಕದಲ್ಲಿ ಭರವಸೆ ಸಾಲದು ಎಂದು ಬರೆದುಕೊಟ್ಟೆ. ನಿನ್ನ ವೀಸಾ ರದ್ದಾಯಿತು. ಹೋಗುವ ದಿನ ನನಗೆ ಥ್ಯಾಂಕ್ಸ್ ಹೇಳಿ ಹೋದೆ.

ಆ ವರ್ಷ ಕ್ರಿಸ್‌ಮಸ್ಸಿಗೆ ಮೊದಲು ಇಗರ್ಜಿಯಲ್ಲಿ ಪಾಪನಿವೇದನೆಗೆ ಮೊಣಕಾಲೂರಿದೆ. ಒಂದು ಸುಳ್ಳು ಹೇಳಿದ್ದೇನೆ ಫಾದರ್, ಎಂದೆ. ಅಷ್ಟೇ. ಅವರು ಮೂರು ಪ್ರಾರ್ಥನೆ ಹೇಳಲು ತಿಳಿಸಿ ಕಳುಹಿಸಿದರು. ದೇವರು ಕ್ಷಮಿಸಿದ್ದರೂ ಏನಾಯಿತು? ನಾನು ಸುಳ್ಳು ಹೇಳಿದ್ದು ದೇವರಿಗಲ್ಲವಲ್ಲ.

ನೀನು ಮದುವೆಯಾಗಿ ದುಬೈಗೆ ಬಂದದ್ದು ನನಗೆ ತಿಳಿದಿರಲಿಲ್ಲ. ಹೋದ ತಿಂಗಳು ಅಲ್ ನಹ್ದಾದ ಸೂಪರ್‌ಮಾರ್ಕೆಟ್ಟಿನಲ್ಲಿ ನೀನೇ ನನ್ನನ್ನು ಗುರುತು ಹಿಡಿದೆ. ಮಗಳಿಗೆ ನನ್ನನ್ನು ತೋರಿಸಿ, ಇವರು ನನ್ನ ಸರ್, ದೊಡ್ಡ ಲೆಕ್ಕದವರು ಎಂದೆ. ಅವಳು ಫಟ್ಟನೆ, "ಬಟ್ ಮಮ್ಮಾ, ಯು ಆರ್ ಬ್ಯಾಡ್ ಅಟ್ ಮ್ಯಾತ್ಸ್!" ಎಂದಳು. ನೀನು ನಕ್ಕೆ.

"ಹೌದು ಸರ್, ಇವಳ ಹೋಮ್‌ವರ್ಕ್ ಕೂಡ ನಾನು ನೋಡುದಿಲ್ಲ. ನನ್ನ ಲೆಕ್ಕ ನಂಬ್ಲಿಕ್ಕೆ ಆಗುದಿಲ್ಲ ಅಂತ ನೀವೇ ಹೇಳಿದ್ದಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ, ಸಫಿಯಾ. ಆಗಲೂ — ಆ ಮಗುವಿನ ಎದುರಿಗೂ — ತಲೆಯಾಡಿಸಿ ಬಂದೆ.

ಪ್ರಬಂಧ ಪ್ರಕಟಿಸಿದ ಪತ್ರಿಕೆಗೆ ನಿಜ ಬರೆದು, ನಿನ್ನ ಲೆಕ್ಕದ ಕೋಷ್ಟಕಗಳನ್ನು ನಿನ್ನ ಹೆಸರಿನಲ್ಲೇ ಕಳುಹಿಸಿದ್ದೇನೆ. ವಿಶ್ವವಿದ್ಯಾಲಯಕ್ಕೂ ಬರೆದಿದ್ದೇನೆ. ಅವರು ಏನು ಮಾಡಿದರೂ ಸರಿ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ನೀನು ಬಿಟ್ಟುಹೋದ ನೋಟ್‌ಬುಕ್ ಈ ಪತ್ರದ ಜೊತೆಗಿದೆ. ಪ್ರತಿ ಪುಟದ ಕೆಳಗೂ ನಿನ್ನ ಕೈಬರಹ: "ಮತ್ತೆ ನೋಡಿದೆ, ತಪ್ಪು ಸಿಗಲಿಲ್ಲ." ಕೊನೆಯ ಪುಟದಲ್ಲಿ ಅದರ ಕೆಳಗೆ ನಾನು ಒಂದು ಸಾಲು ಬರೆದು ಸಹಿ ಹಾಕಿದ್ದೇನೆ. ಮಗಳ ಕೈಯಲ್ಲಿ ಗಟ್ಟಿಯಾಗಿ ಓದಿಸು. ಅವಳಿಗೆ ಕನ್ನಡ ಓದಲು ಬರಲಿಕ್ಕಿಲ್ಲವೆಂದು ಇಂಗ್ಲಿಷಿನಲ್ಲೂ ಬರೆದಿದ್ದೇನೆ: ನಿನ್ನ ಅಮ್ಮನ ಲೆಕ್ಕದಲ್ಲಿ ತಪ್ಪು ಇರಲೇ ಇಲ್ಲ.