ನೆತ್ತಿಯ ಸುತ್ತ ಮಲ್ಲಿಗೆಯ ಕಟ್ಟೆ

ಒಂದೂರಲ್ಲಿ ಒಬ್ಬಳು ರಾಣಿ ಇದ್ದಳಂತೆ. ಅವಳು ಉಪ್ಪರಿಗೆಯಲ್ಲಿ ಕೂತು ತಲೆ ಬಾಚಿಕೊಂಡರೆ ಜಡೆಯ ತುದಿ ಗೋದಾವರಿಯಲ್ಲಿ ತೇಲುತ್ತಿತ್ತಂತೆ. ಗಾಳಿ ಎದ್ದ ದಿನ ಅಂಬಿಗರು ಆ ಜಡೆಗೇ ದೋಣಿ ಕಟ್ಟಿ ಮನೆಗೆ ಹೋಗುತ್ತಿದ್ದರಂತೆ. ನನ್ನ ತಲೆಗೆ ಎಣ್ಣೆ ಹಚ್ಚುತ್ತ ಅಜ್ಜಿ ಹೇಳುತ್ತಿದ್ದ ಕತೆ ಇದು. ಕತೆಯಲ್ಲಿ ರಾಣಿಗೆ ಹೆಸರಿತ್ತು, ಅಂಬಿಗರಿಗೆ ಹೆಸರಿತ್ತು, ದೋಣಿಗೂ ಒಂದು ಹೆಸರಿತ್ತು. ಅಷ್ಟುದ್ದದ ಜಡೆಯನ್ನು ದಿನಾ ಹೆಣೆಯುತ್ತಿದ್ದವಳು ಯಾರು ಎಂದು ಕೇಳಿದರೆ ಮಾತ್ರ, ಯಾರೋ ಒಬ್ಬಳು ಇದ್ದಳು ಬಿಡು, ತಲೆ ಅಲ್ಲಾಡಿಸಬೇಡ ಎಂದು ಅಜ್ಜಿ ಮೊಟಕುತ್ತಿದ್ದಳು.

ಆ ಯಾರೋ ಒಬ್ಬಳು ಈಗ ಆಂಧ್ರದ ಗೋದಾವರಿ ಸೀಮೆಯ ಕಡಿಯಪುಲಂಕದ ಹೂವಿನ ಸಂತೆಯಲ್ಲಿ, ಮಲ್ಲಿಗೆ ಮೊಗ್ಗಿನ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ.

ಹೆಸರು ನೂಕರತ್ನಂ. ಸಂತೆಯವರ ಬಾಯಲ್ಲಿ ರತ್ನಂ. ಮದುಮಗಳಿಗೆ ಮೊಗ್ಗಿನ ಜಡೆ ಕಟ್ಟುವುದು ಅವಳ ಕೆಲಸ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಒಂದೊಂದು ಹಿಡಿ ಮೊಗ್ಗು ತೆಗೆದು ಕೆನ್ನೆಗೆ ತಾಗಿಸಿ ನೋಡುತ್ತಾಳೆ. ತಣ್ಣಗಿದ್ದರೆ ಬುಟ್ಟಿಗೆ, ಇಲ್ಲದಿದ್ದರೆ ವಾಪಸ್ ರಾಶಿಗೆ. ಅರಳಿದ್ದು ಬೇಡ, ತೀರ ಎಳೆಯದೂ ಬೇಡ. ಮುಹೂರ್ತದ ಹೊತ್ತಿಗೆ ಸರಿಯಾಗಿ ಬಾಯಿ ಬಿಡುವಂಥದ್ದು ಬೇಕು.

"ಏನೇ, ನನ್ನ ಹೂವಿಗೆ ಜ್ವರ ಬಂದಿದೆಯಾ ಅಂತ ನೋಡ್ತೀಯಾ?" ಹೂ ಮಾರುವ ಸೂರಮ್ಮನ ಕೊಂಕು.

"ಹೂವಿಗಲ್ಲ ಅತ್ತೆ, ನಿನ್ನ ಮಾತಿಗೆ. ನಿನ್ನೆ ಸಂಜೇದಕ್ಕೆ ನೀರು ಚಿಮುಕಿಸಿ ಈಗ ಕಿತ್ತಿದ್ದು ಅಂತಿದೀಯಲ್ಲ."

ಸೂರಮ್ಮ ನಗುತ್ತ ಗೋಣಿಯ ಕೆಳಗಿಂದ ಇನ್ನೊಂದು ಬುಟ್ಟಿ ಎಳೆದು ಕೊಡುತ್ತಾಳೆ. ಇವರಿಬ್ಬರದು ದಿನಾ ನಡೆಯುವ ಆಟ.

ರತ್ನಂಗೆ ಮೂವತ್ತು ತುಂಬಿಲ್ಲ. ತಲೆಗೆ ಹತ್ತಿಯ ವಸ್ತ್ರ ಕಟ್ಟಿಕೊಂಡಿದ್ದಾಳೆ. ದವಡೆಯ ಅಂಚಿನುದ್ದಕ್ಕೂ ಗಂಟುಗಂಟು ಮೊಡವೆ, ಅವುಗಳ ನಡುವೆ ಹಳೆಯ ಮೊಡವೆಗಳ ಕಪ್ಪು ಕಲೆ. ಊರಿನವರ ತಲೆಗೆಲ್ಲ ಹೂ ಮುಡಿಸುವವಳು ತಾನು ಮುಡಿಯುವುದು ಕಡಿಮೆ. ಪಿನ್ನು ನಿಲ್ಲೋಕೆ ಅಲ್ಲಿ ಏನಾದ್ರೂ ಇರಬೇಕಲ್ಲ ಎಂದು ಪಕ್ಕದಲ್ಲಿ ಕೂತ ನನಗೆ ಅವಳೇ ಹೇಳುತ್ತಾಳೆ, ಮಳೆ ಬರುವ ಹಾಗಿದೆ ಎಂದಷ್ಟೇ ಸಲೀಸಾಗಿ.

ಇವತ್ತಿನ ಜಡೆ ಆಲಮೂರಿನ ಹಿಮಜಳಿಗೆ. ಬೆಳಗಿನ ಮುಹೂರ್ತ. ಈ ಜಡೆಯ ಜೊತೆ ರತ್ನಂ ಒಂದು ಮಾತನ್ನೂ ಕೊಟ್ಟಿದ್ದಾಳೆ. ಅದನ್ನು ಉಳಿಸಿಕೊಳ್ಳಬೇಕು.

ರತ್ನಂಗೆ ಕೂದಲು ಉದುರುವ ಈ ಕಾಯಿಲೆ ಶುರುವಾದದ್ದು ಕಾಲೇಜಿಗೆ ಹೋಗುತ್ತಿದ್ದಾಗ. ಮುಟ್ಟು ತಿಂಗಳುಗಟ್ಟಲೆ ಬಾರದೆ, ಬಂದರೆ ನಿಲ್ಲದೆ ಸತಾಯಿಸಿತು. ಮುಖದ ಮೇಲೆ ಮೊಡವೆ ಎದ್ದವು. ಬೈತಲೆ ದಿನದಿನಕ್ಕೆ ಅಗಲವಾಗುತ್ತ ಬಂತು, ಹೊಲದ ನಡುವೆ ಜನ ನಡೆದೂ ನಡೆದೂ ಕಾಲುದಾರಿ ಅಗಲವಾಗುವ ಹಾಗೆ. ಅದೇ ಹೊತ್ತಿಗೆ ಗಲ್ಲದ ಮೇಲೆ ಒರಟು ಕೂದಲು ಇಣುಕಿದವು. "ದೇವರು ಸಾಮಾನು ತಪ್ಪು ವಿಳಾಸಕ್ಕೆ ಇಳಿಸಿಬಿಟ್ಟ" ಎಂದು ಅವಳೀಗ ನಗುತ್ತಾಳೆ. ಆಗ ನಕ್ಕಿರಲಿಲ್ಲ. ಕನ್ನಡಿಗೆ ಬಟ್ಟೆ ಹೊದಿಸಿ ಇಟ್ಟಿದ್ದಳು.

ಬೀದಿಯವರ ಔಷಧಿಗೆ ಕೊನೆಯಿರಲಿಲ್ಲ. ಒಬ್ಬರು ನಿಂಬೆರಸ ಹಚ್ಚು ಎಂದರು, ಒಬ್ಬರು ಹಲ್ಲುಜ್ಜುವ ಪೇಸ್ಟು. ಮಾವಿನಕಾಯಿ ಉಪ್ಪಿನಕಾಯಿ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದವರೂ ಇದ್ದರು. ಈರುಳ್ಳಿ ರಸ ಹಚ್ಚಿಕೊಂಡು ಹೋದ ದಿನ ಬಸ್ಸಿನಲ್ಲಿ ಪಕ್ಕದವಳು ಎದ್ದು ಬೇರೆ ಸೀಟಿಗೆ ಹೋದಳು. ಕೊನೆಗೆ ಕಾಕಿನಾಡದ ಆಸ್ಪತ್ರೆಯ ವೈದ್ಯೆಯೊಬ್ಬರು ಹೊಟ್ಟೆಯ ಸ್ಕ್ಯಾನ್ ನೋಡಿ ಪಿಸಿಒಡಿ ಎಂದರು. ಹಾರ್ಮೋನು ಏರುಪೇರಾಗಿದೆ, ಮಾತ್ರೆ ತಗೋ, ದಿನಾ ಒಂದಿಷ್ಟು ನಡಿ, ನಿದ್ದೆ ಮಾಡು, ಕೂದಲಿಗೆ ಆತುರ ಮಾಡಬೇಡ, ಇದು ನಿನ್ನ ತಪ್ಪಲ್ಲ ಎಂದು ತಿಳಿಹೇಳಿದರು.

"ತಪ್ಪಲ್ಲ ಅಂತ ಹೇಳಿದ್ದು ಆ ಡಾಕ್ಟರಮ್ಮ ಒಬ್ಬರೇ" ಎನ್ನುತ್ತಾಳೆ ರತ್ನಂ. "ಉಳಿದವರೆಲ್ಲ, ಏನು ತಿಂದೆ, ಏನು ಹಚ್ಚಿದೆ, ಯಾರ ಕಣ್ಣು ಬಿತ್ತು, ಇಷ್ಟೇ ಕೇಳಿದ್ದು."

ಮದುವೆ ಗೊತ್ತಾದಾಗ ತಾಯಿ ಮನೆಯವರು ಅವಳ ನೆತ್ತಿಗೆ ಕ್ಲಿಪ್ಪಿನ ಕೂದಲು ಹಾಕಿಸಿದರು. ಅಂಗೈಯಗಲದ ಜಾಲರಿ, ಅದರ ಮೇಲೆ ಯಾರದ್ದೋ ಕಪ್ಪು ಕೂದಲು. ಎಲ್ಲರೂ ಎಲ್ಲವನ್ನೂ ಯೋಚಿಸಿದ್ದರು, ಜೀರಿಗೆ-ಬೆಲ್ಲವೊಂದನ್ನು ಬಿಟ್ಟು. ನಮ್ಮಲ್ಲಿ ಮುಹೂರ್ತವೆಂದರೆ ಅದೇ. ನಡುವೆ ತೆರೆ ಹಿಡಿದಿರುತ್ತಾರೆ. ಗಂಡು ಹೆಣ್ಣಿನ ನೆತ್ತಿಯ ಮೇಲೆ, ಹೆಣ್ಣು ಗಂಡಿನ ನೆತ್ತಿಯ ಮೇಲೆ ಅರೆದ ಜೀರಿಗೆ-ಬೆಲ್ಲವನ್ನು ವೀಳ್ಯದೆಲೆಯಲ್ಲಿಟ್ಟು ಒತ್ತಿ ಹಿಡಿಯಬೇಕು. ವಾದ್ಯ ನಿಲ್ಲುವವರೆಗೆ ಕೈ ತೆಗೆಯುವಂತಿಲ್ಲ. ಬೆಲ್ಲ ಬೆವರಿಗೆ ಕರಗಿತು, ಜಾಲರಿಯೊಳಗೆ ಇಳಿಯಿತು, ಅಂಟಿತು. ಗಂಡು ಮಾಣಿಕ್ಯಾಲರಾವ್ ಕೈ ಎತ್ತಿದಾಗ ಎಲೆಯ ಜೊತೆ ಕೂದಲೂ ಎದ್ದು ಬಂತು.

ಯಾರೋ ನಕ್ಕರು. ಮಾಣಿಕ್ಯಾಲರಾವ್ ಅದನ್ನು ಉತ್ತರೀಯದ ಮಡಿಕೆಗೆ ತುರುಕಿ, ಏನೂ ಆಗಿಲ್ಲವೆಂಬಂತೆ ತಾಳಿಗೆ ಕೈಚಾಚಿದ. ಆಮೇಲೂ ಅದರ ಸುದ್ದಿ ಎತ್ತಲಿಲ್ಲ. ಅವನ ತಾಯಿ ಅಪ್ಪಾಯಮ್ಮ ಎತ್ತಿದರು, ವರ್ಷಗಟ್ಟಲೆ ಎತ್ತಿದರು. ಅಂಟಿನ ಸೊಸೆ ಎಂದು ಬೀದಿಗೆ ಕೇಳುವಂತೆ ಕರೆದರು. ಆ ಅಪ್ಪಾಯಮ್ಮನೇ ಮೊಗ್ಗಿನ ಜಡೆಯಲ್ಲಿ ಪಳಗಿದ ಕೈ. ಸೊಸೆಯ ಬೆರಳು ಚುರುಕಾಗಿರುವುದು ಕಂಡು ಪಕ್ಕದಲ್ಲಿ ಕೂರಿಸಿಕೊಂಡರು. "ಬೈತಾ ಬೈತಾನೇ ಕಲಿಸಿದ್ರು" ಎನ್ನುತ್ತಾಳೆ ರತ್ನಂ. "ಬೈಗುಳ ಮರೆತುಹೋಯ್ತು, ಹೆಣಿಗೆ ಉಳೀತು."

ಹಿಮಜ ಅವಳನ್ನು ಹುಡುಕಿಕೊಂಡು ಬಂದದ್ದು ಬೇಸಿಗೆಯಲ್ಲಿ, ತಲೆ ತುಂಬ ದುಪಟ್ಟಾ ಹೊದ್ದು. ಸಸಿತೋಟದಲ್ಲಿ ಗುಲಾಬಿಗೆ ಕಸಿ ಕಟ್ಟುವ ಹುಡುಗಿ. ಅವಳದೂ ಅದೇ ಕಾಯಿಲೆ, ಅದೇ ದವಡೆಯ ಮೊಡವೆ, ಅದೇ ನೆತ್ತಿ. ಗಂಡು ವೀರಬಾಬುಗೆ ಮಾತ್ರೆಯ ವಿಷಯ ಹೇಳಿದ್ದಾಳೆ, ನೆತ್ತಿಯ ವಿಷಯ ಹೇಳಲು ಬಾಯಿ ಬಂದಿಲ್ಲ. ತಾಯಿ ರಾಜಮಂಡ್ರಿಯಿಂದ ಕ್ಲಿಪ್ಪಿನ ಕೂದಲು ತಂದಾಗಿದೆ. ಹಿಮಜಳಿಗೆ ಅದು ಬೇಡ.

"ಕಸಿ ಕಟ್ಟಿದ ಕಡ್ಡಿಗಾದ್ರೂ ಗಿಡದ ರಸ ಹತ್ತುತ್ತೆ ಅಕ್ಕ. ಇದಕ್ಕೆ ಏನು ಹತ್ತುತ್ತೆ? ಮುಹೂರ್ತದಲ್ಲೇ ಅವರು ಮೊದಲನೇ ಸಲ ನನ್ನ ಮುಟ್ಟೋದು. ಯಾರದ್ದೋ ಕೂದಲು ಮುಟ್ಟಬೇಕಾ?"

ರತ್ನಂ ದುಪಟ್ಟಾ ಸರಿಸಿ ಆ ನೆತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳಂತೆ. ಆಮೇಲೆ ಮಾತು ಕೊಟ್ಟಳು. ನೆತ್ತಿಯ ಮೇಲೆ ನಿನ್ನ ಕೂದಲೇ ಇರುತ್ತೆ. ಜಡೆ ನಿನ್ನ ಕೂದಲನ್ನು ಜಗ್ಗೋದಿಲ್ಲ. ಬೆಲ್ಲ ತೊಳೆಯೋಕೂ ನಾನೇ ಬರ್ತೀನಿ. ಅದು ಮುಗಿದ ಮೇಲೇ ನನ್ನ ಕೆಲಸ ಮುಗಿದ ಹಾಗೆ.

ಕೊಡುವುದೇನೋ ಕೊಟ್ಟಳು. ಮೊಗ್ಗಿನ ಜಡೆ ಎಂದರೆ ಒದ್ದೆ ಹೂವಿನ ಭಾರ. ದಟ್ಟ ಕೂದಲಿನವರೇ ಸಂಜೆಗೆ ತಲೆನೋವು ಎನ್ನುತ್ತಾರೆ. ಉದುರುತ್ತಿರುವ ಕೂದಲಿಗೆ ಅದನ್ನು ಕಟ್ಟಿದರೆ ಇರುವುದೂ ಬೇರು ಸಮೇತ ಬರುತ್ತದೆ. ಮೊಗ್ಗನ್ನು ಮಾಮೂಲಿ ರಟ್ಟಿನ ಬದಲು ಒಣಗಿದ ಬಾಳೆಪಟ್ಟೆಯ ಮೇಲೆ ಹೊಲಿದು ನೋಡಿದಳು. ಬೆನ್ನಿಗೆ ತಾಗುವ ಕಡೆ ಹೂ ಹೊಲಿಯದೆ ಬಿಟ್ಟಳು. ಆದರೂ ಭಾರವೇ. ಕೊನೆಗೆ ಜಡೆಯನ್ನು ತಲೆಗೆ ಕಟ್ಟುವುದನ್ನೇ ಕೈಬಿಟ್ಟಳು. ರವಿಕೆಯೊಳಗೆ ಹೆಗಲ ಮೇಲಿಂದ ಒಂದು ಹತ್ತಿಯ ಪಟ್ಟಿ, ಕುತ್ತಿಗೆಯ ಹಿಂದೆ ಅದಕ್ಕೆರಡು ಕೊಕ್ಕೆ. ಜಡೆ ಆ ಕೊಕ್ಕೆಯಿಂದ ಇಳಿಯುತ್ತದೆ. ಭಾರವೆಲ್ಲ ಹೆಗಲಿಗೆ.

"ಜಡೆನ ರವಿಕೆಗೆ ನೇತು ಹಾಕ್ತಾಳಂತೆ" ಎಂದು ಅಪ್ಪಾಯಮ್ಮ ಬಂದವರಿಗೆಲ್ಲ ಸಾರಿದರು. "ನಾಳೆ ಮೂಗುತಿನ ಸೀರೆಗೆ ಚುಚ್ತಾಳೆ ನೋಡಿ." ಹಾಗೆನ್ನುತ್ತಲೇ ಆ ಪಟ್ಟಿಯನ್ನು ತಾವೇ ತೊಟ್ಟು, ಜಡೆ ನೇತುಹಾಕಿಕೊಂಡು, ಮೂರು ಮನೆ ಆಚೆಯ ಅಂಗಡಿಯವರೆಗೆ ನಡೆದು ಬಂದರು. ವಾಪಸ್ ಬಂದು, ಎಡಗಡೆ ಒಂಚೂರು ಸಡಿಲ ಇದೆ ಎಂದಷ್ಟೇ ಹೇಳಿದರು.

ನಿನ್ನೆ ಹಿಮಜಳನ್ನು ಮದುಮಗಳು ಮಾಡುವ ಶಾಸ್ತ್ರ. ಅರಿಶಿನ, ಕಡಲೆಹಿಟ್ಟು ಕಲಸಿ ನೆರೆಹೊರೆಯ ಹೆಂಗಸರೆಲ್ಲ ಸರದಿಯಲ್ಲಿ ಮುಖ ತಿಕ್ಕುವುದು ರೂಢಿ. ನೋಯುವ ಮೊಡವೆಯ ಮೇಲೆ ಆ ಹಿಟ್ಟೆಂದರೆ ಮರಳು ತಿಕ್ಕಿದ ಹಾಗೆ. ಜಡೆಯವಳಿಗೆ ಅಲ್ಲೇನೂ ಕೆಲಸವಿರಲಿಲ್ಲ. ಆದರೂ ರತ್ನಂ ಬಂದು ಹಿಮಜಳ ಪಕ್ಕ ಕೂತಳು. ಕಾಲಿಗೆ ಹಚ್ಚಿ, ಕೈಗೆ ಹಚ್ಚಿ, ಮುಖಕ್ಕೊಂದು ಬೊಟ್ಟು ಸಾಕು ಎನ್ನುತ್ತಿದ್ದಳು. ಸಂಬಂಧದಲ್ಲಿ ಚಿಕ್ಕಮ್ಮನಾಗಬೇಕಾದವರೊಬ್ಬರು, ಗಟ್ಟಿಯಾಗಿ ತಿಕ್ಕಿದರೆ ಗುಳ್ಳೆ ಉದುರುತ್ತವೆ ಎಂದು ಸೆರಗು ಸಿಕ್ಕಿಸಿದರು. ರತ್ನಂ ತನ್ನ ಮುಖ ಮುಂದೊಡ್ಡಿದಳು.

"ಮೊದಲು ಇದನ್ನ ಉದುರಿಸಿ ತೋರಿಸಿ ಚಿಕ್ಕಮ್ಮ. ಹೋದ್ರೆ ಅವಳಿಗೂ ಮಾಡಿ."

ಹೆಂಗಸರೆಲ್ಲ ನಕ್ಕರು. ಚಿಕ್ಕಮ್ಮನೂ ನಕ್ಕು, ಹಿಮಜಳ ಗಲ್ಲವನ್ನು ಬೆರಳ ತುದಿಯಲ್ಲಿ ಮುಟ್ಟಿ ಎದ್ದರು.

ಈಗ ಮದುವೆ ಮನೆಯ ಒಳಕೋಣೆ. ಹೊಲಿದ ಜಡೆ ಹೆಗಲ ಪಟ್ಟಿಯ ಕೊಕ್ಕೆಗೆ ಸೇರಿದೆ, ಉಳಿದ ಮೊಗ್ಗು ಬುಟ್ಟಿಯಲ್ಲೇ ಮೆಲ್ಲಗೆ ಬಿರಿಯುತ್ತಿವೆ. ರತ್ನಂ ಬೈತಲೆ ತೆಗೆಯದೆ ಹಿಮಜಳ ಕೂದಲನ್ನು ಹಿಂದಕ್ಕೆ ಬಾಚಿದ್ದಾಳೆ, ಬಾಚಣಿಗೆಯಿಂದಲ್ಲ, ಬೆರಳಿನಿಂದ. ಬೈತಲೆಬೊಟ್ಟನ್ನು ದಾರದಲ್ಲಿ ಇಳಿಬಿಟ್ಟಿದ್ದಾಳೆ. ಆಮೇಲೆ ಮಲ್ಲಿಗೆ ದಂಡೆಯನ್ನು ನೆತ್ತಿಯ ಸುತ್ತ ದುಂಡಗೆ ಎತ್ತರಿಸಿ ಕೂರಿಸುತ್ತಾಳೆ, ಬಾವಿಗೆ ಕಟ್ಟೆ ಕಟ್ಟಿದ ಹಾಗೆ. ಸುತ್ತ ಕೂತವರಿಗೆ ಕಾಣುವುದು ಕಟ್ಟೆ. ಒಳಗೆ, ಒಂದು ಅಂಗೈ ಇಳಿಯುವಷ್ಟು ಜಾಗದಲ್ಲಿ, ಹಿಮಜಳ ತೆಳು ಕೂದಲಿನ ಸ್ವಂತ ನೆತ್ತಿ.

ತಾಯಿಗೆ ತಡೆಯಲಾಗುವುದಿಲ್ಲ. ಕ್ಲಿಪ್ಪಿನ ಕೂದಲಿನ ಡಬ್ಬಿ ಹಿಡಿದೇ ನಿಂತಿದ್ದಾರೆ. ಮೇಲಿಂದ ಫೋಟೊ ತೆಗೀತಾರೆ, ಬೀಗರ ಕಡೆಯವರು ನಿಂತುಕೊಂಡು ಅಕ್ಷತೆ ಹಾಕ್ತಾರೆ, ಇಷ್ಟು ಜನರ ಮುಂದೆ ನನ್ನ ಮಗಳನ್ನ ಹೀಗೆ ಕೂರಿಸಲಾ ಎಂದು ಕಣ್ಣು ತುಂಬಿಕೊಳ್ಳುತ್ತಾರೆ. ರತ್ನಂ ವಾದಿಸುವುದಿಲ್ಲ. ತನ್ನ ತಲೆಯ ವಸ್ತ್ರ ಬಿಚ್ಚಿ, ಅವರ ಮುಂದೆ ತಲೆ ಬಾಗಿಸುತ್ತಾಳೆ.

"ನಂಗೂ ಇಂಥದೇ ಹಾಕಿದ್ರು ಅತ್ತೆ. ಬೆಲ್ಲದ ಜೊತೆ ಎದ್ದು ಬಂತು. ಇವಳಿಗೆ ಹಾಗಾಗೋದು ಬೇಡ."

ತಾಯಿ ಮಗಳ ಮುಖ ನೋಡುತ್ತಾರೆ. ಹೀಗೇ ಇರಲಿ ಅಮ್ಮ ಎನ್ನುತ್ತಾಳೆ ಹಿಮಜ, ಮೆತ್ತಗೆ. ತಾಯಿ ಡಬ್ಬಿಯನ್ನು ಒಳಗಿಡುವುದಿಲ್ಲ. ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ತಾಯಿಯಲ್ಲವೇ.

ಬಿದಿರ ಬುಟ್ಟಿಯಲ್ಲಿ ಕೂರಿಸಿ ಸೋದರಮಾವಂದಿರು ಹಿಮಜಳನ್ನು ಹೊತ್ತು ತರುತ್ತಾರೆ. ರತ್ನಂ ಕಂಬದ ಪಕ್ಕ ನಿಂತಿದ್ದಾಳೆ. ವಸ್ತ್ರವನ್ನು ಮತ್ತೆ ಕಟ್ಟಿಕೊಳ್ಳಲು ಮರೆತಿದ್ದಾಳೆ. ತೆರೆಯ ಮೇಲಿಂದ ವೀರಬಾಬುವಿನ ಕೈ ಬರುತ್ತದೆ, ಹೂವಿನ ಕಟ್ಟೆಯೊಳಗೆ ಇಳಿಯುತ್ತದೆ. ವಾದ್ಯ ಜೋರಾಗುತ್ತದೆ. ಆ ಕೈ ಒಂದು ಕ್ಷಣ ನಿಂತದ್ದು ರತ್ನಂಗೆ ಕಾಣುತ್ತದೆ. ಒತ್ತಿ ಹಿಡಿದದ್ದು ಸ್ವಲ್ಪ ಸಡಿಲವಾಗುತ್ತದೆ, ಅಂಗೈ ಬಟ್ಟಲಿನಂತಾಗುತ್ತದೆ. ಮೊಟ್ಟೆಯಿರುವ ಗೂಡನ್ನು ಮುಚ್ಚುವವನ ಹಾಗೆ. ವಾದ್ಯ ಮುಗಿಯುವವರೆಗೂ ಹಾಗೇ ಇರುತ್ತದೆ.

ತೆರೆ ಇಳಿಯುತ್ತದೆ. ಕೈ ಎದ್ದಾಗ ಅದರ ಜೊತೆ ಏನೂ ಏಳುವುದಿಲ್ಲ, ವೀಳ್ಯದೆಲೆಯೊಂದನ್ನು ಬಿಟ್ಟು. ಅಕ್ಷತೆಯ ಮಳೆಯ ನಡುವೆ ವೀರಬಾಬು ಬಾಗಿ ಏನೋ ಕೇಳುತ್ತಾನೆ. ಹಿಮಜ ಇಲ್ಲವೆಂದು ತಲೆಯಾಡಿಸುತ್ತಾಳೆ. ತಲೆಯಾಡಿಸಿದರೂ ಜಡೆ ಕದಲುವುದಿಲ್ಲ.

ಅವನು ಕೇಳಿದ್ದು, ಕೈ ಭಾರ ಆಯ್ತಾ ಎಂದು. ಹಿಮಜ ಅದನ್ನು ಆಮೇಲೆ ಹೇಳುತ್ತಾಳೆ, ಮಧ್ಯಾಹ್ನ, ಊಟದ ಗದ್ದಲ ಇಳಿದ ಮೇಲೆ, ಹಿತ್ತಲ ಬಚ್ಚಲಲ್ಲಿ ಮಣೆಯ ಮೇಲೆ ಕೂತು. ಬೆಲ್ಲ ಒಣಗಿ ಕಲ್ಲಾಗಿದೆ. ಇದನ್ನು ಅವಸರದಲ್ಲಿ ಬಾಚಿ ತೆಗೆಯುವಾಗಲೇ ಹೆಚ್ಚಿನವರ ಕೂದಲು ಹೋಗುವುದು. ರತ್ನಂ ಬಾಚಣಿಗೆ ಮುಟ್ಟುವುದಿಲ್ಲ. ಉಗುರುಬೆಚ್ಚಗಿನ ನೀರನ್ನು ಚೆಂಬಿನಿಂದ ಸಣ್ಣಗೆ ಹನಿಸುತ್ತಾಳೆ, ಕಾಯುತ್ತಾಳೆ, ಮತ್ತೆ ಹನಿಸುತ್ತಾಳೆ. ಬೆಲ್ಲ ಕಂದು ನೀರಾಗಿ ಬೇಸಿನ್ನಿಗೆ ಇಳಿಯುತ್ತದೆ. ಕಣ್ಣು ಮುಚ್ಚಿ ಕೂತ ಹಿಮಜಳ ಹೆಗಲು ಇಳಿಯುತ್ತದೆ. ಬಾಗಿಲಲ್ಲಿ ಅವಳ ತಾಯಿ ಒಣ ಟವೆಲು ಹಿಡಿದು ನಿಂತಿದ್ದಾರೆ. ಸೊಂಟದಲ್ಲಿದ್ದ ಡಬ್ಬಿ ಈಗ ಕಾಣುವುದಿಲ್ಲ.

ನಿಮಗೇನು ಆಸೆ ಎಂದು ಬೆಳಗ್ಗೆ ಸಂತೆಯಲ್ಲಿ ನಾನು ರತ್ನಂ ಬಳಿ ಕೇಳಿದ್ದೆ. ಈಗ ಬೇಸಿನ್ನಿನ ನೀರಿನಲ್ಲಿ ಬೆರಳಾಡಿಸುತ್ತ, ಇನ್ನೊಬ್ಬರಿಗೆ ಈ ಪಟ್ಟಿ ಹೊಲಿಯೋದು ಕಲಿಸಬೇಕು ಎನ್ನುತ್ತಾಳೆ. ಆಮೇಲೆ ನೀರನ್ನು ಬೆಳಕಿನ ಕಡೆ ವಾಲಿಸಿ ತಳ ನೋಡುತ್ತಾಳೆ. ಹಿಮಜ ಕಣ್ಣು ತೆರೆಯದೆ ಕೇಳುತ್ತಾಳೆ.

"ಎಷ್ಟು ಹೋಯ್ತು ಅಕ್ಕ?"

"ನೀನೇ ನೋಡು" ಎನ್ನುತ್ತಾಳೆ ರತ್ನಂ. "ಕೂದಲಿಗಿಂತ ಜೀರಿಗೆನೇ ಜಾಸ್ತಿ ಬಂದಿದೆ."